ಸಿಟ್ಟು ಕಾರಿಕೊಂಡರೆ ಇಳಿಯುವುದಿಲ್ಲ

ಮಾನ್ಯ ಸಂಪಾದಕರೇ,

‘ಸಿಟ್ಟು ಒಳಗೆ ಇಟ್ಟುಕೊಳ್ಳಬಾರದು, ಬೈದು ಹೊರಗೆ ಹಾಕಿಬಿಡಬೇಕು’ ಎಂಬ ಮಾತು ನಮ್ಮ ರಾಯಚೂರು ಕಡೆ ಕಟ್ಟೆಕಟ್ಟೆಯಲ್ಲೂ ಕೇಳಿಬರುತ್ತದೆ. ಇದು ತಪ್ಪು. 154 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿ 2024ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯೊಂದು, ದೇಹದ ಉದ್ರೇಕ ಹೆಚ್ಚಿಸುವ ಕೆಲಸಗಳಿಂದ ಸಿಟ್ಟು ಇಳಿಯುವುದಿಲ್ಲ, ಉಸಿರಾಟ, ಧ್ಯಾನದಂಥ ಉದ್ರೇಕ ತಗ್ಗಿಸುವ ಕೆಲಸಗಳಿಂದಲೇ ಇಳಿಯುತ್ತದೆ ಎಂದು ತೋರಿಸಿದೆ. ಕೂಗಾಡುವುದು, ಪಾತ್ರೆ ಎಸೆಯುವುದು ಸಿಟ್ಟಿಗೆ ಮತ್ತಷ್ಟು ಅಭ್ಯಾಸ ಕೊಟ್ಟಂತೆ.

ಸಿಟ್ಟು ಬರುವಾಗ ಮೊದಲು ಗೊತ್ತಾಗುವುದು ದೇಹಕ್ಕೆ. ದವಡೆ ಬಿಗಿಯುತ್ತದೆ, ಕಿವಿ ಬಿಸಿಯಾಗುತ್ತದೆ, ಎದೆ ಬಡಿತ ಏರುತ್ತದೆ, ದನಿ ದೊಡ್ಡದಾಗುತ್ತದೆ. ಹಿಡಿಯಬೇಕಾದದ್ದು ಇಲ್ಲೇ. ಮೂಗಿನಿಂದ ನಾಲ್ಕು ಎಣಿಸುತ್ತ ಉಸಿರು ಎಳೆದುಕೊಳ್ಳಿ, ಆರು ಎಣಿಸುತ್ತ ನಿಧಾನ ಬಿಡಿ. ಐದು ನಿಮಿಷ ಹೀಗೇ ಮಾಡಿ. ಬಿಡುವ ಉಸಿರು ಉದ್ದವಾಗಿದ್ದರೆ ಎದೆಬಡಿತ ತಗ್ಗುತ್ತದೆ. ಬಹಳ ಮಂದಿ ಜೋರಾಗಿ ಎಳೆದು ಫಟ್ಟನೆ ಬಿಡುತ್ತಾರೆ. ಹಾಗೆ ಮಾಡಿದರೆ ತಲೆ ತಿರುಗುತ್ತದೆ, ಸಿಟ್ಟು ಇದ್ದಲ್ಲೇ ಇರುತ್ತದೆ.

ಜಾಗ ಬಿಟ್ಟು ಹೋಗುವುದೂ ಒಳ್ಳೆಯದೇ, ಆದರೆ ಹೇಳಿ ಹೋಗಬೇಕು: ‘ಕಾಕಾ, ಈಗ ನನಗ ತಲಿ ಕೆಟ್ಟೈತಿ, ಊಟ ಆದ ಮ್ಯಾಲ ಕುಂತು ಮಾತಾಡೋಣ.’ ಹೇಳದೆ ಎದ್ದು ಹೋದರೆ ಎದುರಿನವರು ಅದನ್ನೇ ಅವಮಾನ ಎಂದುಕೊಳ್ಳುತ್ತಾರೆ. ದೇಹ ತಣ್ಣಗಾಗಲು ಕನಿಷ್ಠ 20 ನಿಮಿಷ ಬೇಕು. ಆ ಹೊತ್ತಿನಲ್ಲಿ ‘ಅವನು ಹಿಂಗಂದ, ನಾನು ಹಂಗನ್ನಬೇಕಿತ್ತು’ ಎಂದು ಮನಸ್ಸಿನಲ್ಲೇ ಜಗಳ ಮುಂದುವರಿಸಿದರೆ ಹೊರಗೆ ಹೋದದ್ದು ವ್ಯರ್ಥ. ವಾಟ್ಸಾಪ್‌ನಲ್ಲಿ ದನಿ ಸಂದೇಶ ಕಳಿಸುವುದಂತೂ ಬೇಡವೇ ಬೇಡ. ಕುಡಿದು ಬಂದು ಮಾತು ಮುಂದುವರಿಸುವುದು ಅದಕ್ಕಿಂತ ಕೆಟ್ಟದ್ದು.

ಮಾತಿಗೆ ಕೂತಾಗ ನಡೆದದ್ದನ್ನು ಮಾತ್ರ ಹೇಳಿ. ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಭಾಗದಲ್ಲಿ ನೀರಿನ ಪಾಳಿಗಾಗಿ ಜಗಳವಾಗುವುದು ಹೊಸದಲ್ಲ. ‘ನಿನ್ನೆ ರಾತ್ರಿ ನಮ್ಮ ಪಾಳ್ಯಾಗ ಎರಡು ತಾಸು ತೂಬು ಬಂದ್ ಇತ್ತು’ ಎಂದರೆ ಅದಕ್ಕೆ ಉತ್ತರ ಉಂಟು, ಪರಿಹಾರವೂ ಉಂಟು. ‘ನಿಮ್ಮ ಮನಿತನನ ಹಿಂಗ’ ಎಂದರೆ ಅಲ್ಲಿಗೆ ನೀರಿನ ಮಾತು ಮುಗಿದು ಬಡಿದಾಟ ಶುರು. ಅಂದ ಹಾಗೆ, ಇಡೀ ರಾತ್ರಿ ತೂಬು ಕಾಯ್ದು ನಿದ್ದೆಗೆಟ್ಟವರು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಇಂಥ ಮಾತಿಗೆ ಇಳಿಯಲೇಬಾರದು. ನಿದ್ದೆಗೇಡು, ಹಸಿವು, ನಮ್ಮ ಮೇ ತಿಂಗಳ 42 ಡಿಗ್ರಿ ಬಿಸಿಲು, ಇವೆಲ್ಲ ತಾಳ್ಮೆ ತಿನ್ನುತ್ತವೆ.

ಇನ್ನೊಂದು ಮಾತು ಗಟ್ಟಿಯಾಗಿ ಹೇಳಬೇಕಿದೆ. ಸಾಹುಕಾರರ ಮುಂದೆ, ಸಾಹೇಬರ ಮುಂದೆ ತಲೆ ತಗ್ಗಿಸಿ ನಿಲ್ಲುವವನು ಮನೆಗೆ ಬಂದು ಹೆಂಡತಿಗೆ ಹೊಡೆದು ‘ಸಿಟ್ಟು ತಡೀಲಾಗಲಿಲ್ಲ’ ಎಂದರೆ ಯಾರೂ ಒಪ್ಪಬಾರದು. ಹೊರಗೆ ತಡೆದುಕೊಳ್ಳಲು ಬಂದವನಿಗೆ ಒಳಗೂ ಬರುತ್ತದೆ. ಅದು ದೌರ್ಜನ್ಯ. ಅಂಥ ಮನೆಯ ಹೆಣ್ಣುಮಕ್ಕಳು ಮಹಿಳಾ ಸಹಾಯವಾಣಿ 181ಕ್ಕೆ, ಜೀವಕ್ಕೆ ಅಪಾಯವಿದ್ದರೆ ತುರ್ತು ಸಂಖ್ಯೆ 112ಕ್ಕೆ ಕರೆ ಮಾಡಬೇಕು.

ಮೊದಲು ಸಮಾಧಾನಿಯಾಗಿದ್ದವರು ಈಚೆಗೆ ಎರಡು ವಾರದಿಂದ ಎಲ್ಲದಕ್ಕೂ ಸಿಡುಕುತ್ತಿದ್ದರೆ, ನಿದ್ದೆ ಊಟ ಕಡಿಮೆಯಾಗಿದ್ದರೆ, ಅದು ಖಿನ್ನತೆ ಇರಬಹುದು. ಗಂಡಸರಲ್ಲಿ ಖಿನ್ನತೆ ಎಷ್ಟೋ ಸಲ ಅಳುವಾಗಿ ಅಲ್ಲ, ಸಿಟ್ಟಾಗಿ ಕಾಣುತ್ತದೆ. ಸಕ್ಕರೆ ಕಾಯಿಲೆಗೆ ಔಷಧ ತೆಗೆದುಕೊಳ್ಳುವವರು ಬೆವರಿ, ನಡುಗಿ, ಇದ್ದಕ್ಕಿದ್ದಂತೆ ರೇಗಿದರೆ ರಕ್ತದಲ್ಲಿ ಸಕ್ಕರೆ ಇಳಿದಿದೆಯೇ ಎಂದು ಮೊದಲು ನೋಡಬೇಕು.

1980ರ ದಶಕದಲ್ಲಿ ನಿಮ್ಹಾನ್ಸ್ ನಮ್ಮ ಪಕ್ಕದ ಬಳ್ಳಾರಿಯಲ್ಲಿ ನಡೆಸಿದ ಮಾನಸಿಕ ಆರೋಗ್ಯ ಸೇವೆಯ ಪ್ರಯೋಗದ ಮಾದರಿಯಲ್ಲೇ 1996ರಲ್ಲಿ ದೇಶಕ್ಕೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ಆದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು ಎಂಬುದು ನಮ್ಮ ಹಳ್ಳಿಗಳಲ್ಲಿ ಬಹಳ ಜನಕ್ಕೆ ತಿಳಿದಿಲ್ಲ. ಆರೋಗ್ಯ ಇಲಾಖೆ ಈ ಸಂಖ್ಯೆಯನ್ನು ಅಕ್ಕಿ ಗಿರಣಿ, ಹತ್ತಿ ಮಾರುಕಟ್ಟೆ, ಬಸ್ ನಿಲ್ದಾಣಗಳ ಗೋಡೆಗೆ ದೊಡ್ಡ ಅಕ್ಷರದಲ್ಲಿ ಬರೆಸಲಿ. ತಮ್ಮ ಪತ್ರಿಕೆಯೂ ವಾರಕ್ಕೊಮ್ಮೆ ಪ್ರಕಟಿಸಬೇಕೆಂದು ವಿನಂತಿ.

— ಆಪ್ತಸಮಾಲೋಚಕರು, ರಾಯಚೂರು