ಮಳೆಗೆ ಮುಂಚೆ ಟೆರೇಸ್ ಒಮ್ಮೆ ನೋಡಿಕೊಳ್ಳಿ

ಬಡಾವಣೆಯ ಎಲ್ಲರಿಗೂ ನಮಸ್ಕಾರ.

ಹೋದ ವಾರ ನೀರಿನ ಟ್ಯಾಂಕರ್ ದರದ ಬಗ್ಗೆ ನಮ್ಮ ಈ ಗುಂಪಿನಲ್ಲಿ ಜೋರು ಚರ್ಚೆ ಆಯಿತು. ಅದೇ ನೆಪದಲ್ಲಿ ಮಳೆನೀರು ಕೊಯ್ಲಿನ ಬಗ್ಗೆ, ಅಂದರೆ ಚಾವಣಿಯ ಮಳೆನೀರು ಹಿಡಿದು ಬಳಸುವ ಬಗ್ಗೆ, ಈ ಸೂಚನೆ.

30x40 ಅಡಿ ಸೈಟಿನ ತುಂಬ ಚಾವಣಿ ಇದ್ದರೆ ಸುಮಾರು 110 ಚದರ ಮೀಟರ್. ಬೆಂಗಳೂರಿನಲ್ಲಿ ವರ್ಷಕ್ಕೆ ಸುಮಾರು 900 ಮಿ.ಮೀ. ಮಳೆ. ಗುಣಿಸಿ ನೋಡಿ, ಹತ್ತಿರ ಹತ್ತಿರ 1 ಲಕ್ಷ ಲೀಟರ್! ಸ್ವಲ್ಪ ಪೋಲಾದರೂ ಉಳಿಯುವುದೇ ಜಾಸ್ತಿ. ನಾವು ಅದನ್ನು ಸುಮ್ನೆ ಮೋರಿಗೆ ಬಿಟ್ಟು, 100 ಕಿ.ಮೀ. ದೂರದ ಕಾವೇರಿಯನ್ನು ಪಂಪ್ ಮಾಡಿ ಮೇಲಕ್ಕೆ ತರಿಸಿಕೊಳ್ಳುತ್ತೇವೆ.

ಮಳೆನೀರು ಕೊಯ್ಲು 2009ರಿಂದಲೇ ಕಾನೂನು. ಆದರೆ ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಪೈಪ್ ಇದೆ, ಫಿಲ್ಟರ್ ತುಂಬ ಎಲೆ ಇದೆ (ನಮ್ಮ ಮನೆಯದೂ ಸೇರಿ). ಇದು ಆಗುವ ಕೆಲಸವೇ ಅಂತ ಕೇಳುವವರಿಗೆ ಒಂದು ಉದಾಹರಣೆ: ವಿಜ್ಞಾನಿ ಎ.ಆರ್. ಶಿವಕುಮಾರ್ ವಿಜಯನಗರದ ತಮ್ಮ ಮನೆಯನ್ನು 1995ರಿಂದ ಮಳೆನೀರಿನಲ್ಲೇ ನಡೆಸಿದವರು. ಮೊದಲು ಲೆಕ್ಕ ಹಾಕಿದರು, ಆಮೇಲೆ ತೊಟ್ಟಿ ಕಟ್ಟಿದರು.

ಈ ಭಾನುವಾರ ಬೆಳಿಗ್ಗೆ 10ಕ್ಕೆ ಜಯನಗರ 5ನೇ ಬ್ಲಾಕಿನ ಮಳೆನೀರು ಕೊಯ್ಲು ಪಾರ್ಕಿಗೆ ಹೋಗೋಣ ಅಂತ ಯೋಚನೆ. ಬೇರೆ ಬೇರೆ ಮಾದರಿಗಳನ್ನು ಅಲ್ಲೇ ಕಣ್ಣಾರೆ ನೋಡಬಹುದು. ಅಂದು ತೆರೆದಿರುತ್ತದೆಯೇ ಎಂದು ವಿಚಾರಿಸಿ ಶುಕ್ರವಾರ ತಿಳಿಸುತ್ತೇನೆ. ಬರುವವರು ಹೆಸರು ಹಾಕಿ. ಬರದವರು ಕನಿಷ್ಠ ಟೆರೇಸ್ ಗುಡಿಸಿ, ಫಿಲ್ಟರ್ ತೊಳೆದು ಇಲ್ಲಿ ಫೋಟೊ ಹಾಕಿ. ಗುಡ್ ಮಾರ್ನಿಂಗ್ ಚಿತ್ರಗಳಿಗೆ ಎರಡು ದಿನ ರಜೆ!