ಹ್ಯಾಮಕ್‌ನಲ್ಲಿ ಚಳಿ ಹತ್ತುವುದು ಬೆನ್ನಿನ ಕಡೆಯಿಂದ

ಮಾನ್ಯ ಸಂಪಾದಕರೇ,

ಚಳಿಗಾಲ ಶುರುವಾದರೆ ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರ, ಮಡಿಕೇರಿ ಕಡೆಯ ತೋಟಗಳಲ್ಲಿ ಮರದಿಂದ ಮರಕ್ಕೆ ಕಟ್ಟಿದ ಹ್ಯಾಮಕ್‌ಗಳು, ಅಂದರೆ ಬಟ್ಟೆಯ ತೂಗುಹಾಸಿಗೆಗಳು, ಕಾಣಿಸಿಕೊಳ್ಳುತ್ತವೆ. ಟೆಂಟಿಗಿಂತ ಹಗುರ, ಇಳಿಜಾರಿನಲ್ಲೂ ಕಟ್ಟಬಹುದು, ಒದ್ದೆ ನೆಲದ ಚಿಂತೆಯಿಲ್ಲ. ಮಲೆನಾಡಿಗೆ ಹೇಳಿ ಮಾಡಿಸಿದ್ದು ಎನ್ನುವುದರಲ್ಲಿ ಅನುಮಾನವಿಲ್ಲ. ಪತ್ರಿಕೆಗಳ ಪ್ರವಾಸ ಪುಟಗಳೂ ಇದನ್ನು ಚೆನ್ನಾಗಿ ಪರಿಚಯಿಸಿವೆ. ಆದರೆ ಅಲ್ಲಿ ಬರುವುದು ಹಗಲಿನ ಚಿತ್ರ, ಹಗಲಿನ ಸುಖ. ರಾತ್ರಿ ಎರಡು ಗಂಟೆಗೆ ನಡುಗುತ್ತಾ ಎದ್ದು ಕಾರಿನೊಳಗೆ ಹೋಗಿ ಕೂರುವವರು ಬಹಳ ಮಂದಿ. ಅವರಲ್ಲಿ ಹೆಚ್ಚಿನವರು ದಪ್ಪನೆಯ ಸ್ಲೀಪಿಂಗ್ ಬ್ಯಾಗ್ ಕೊಂಡು ತಂದವರೇ. ದುಡ್ಡು ಖರ್ಚಾಗಿದೆ, ಆದರೆ ಬೇಕಾದ ಕಡೆ ಆಗಿಲ್ಲ.

ರಜಾಯಿಯಾಗಲಿ ಸ್ಲೀಪಿಂಗ್ ಬ್ಯಾಗ್ ಆಗಲಿ ನಮ್ಮನ್ನು ಬೆಚ್ಚಗಿಡುವುದು ಅದರ ಎಳೆಗಳ ನಡುವೆ ಅಲುಗದೆ ನಿಂತಿರುವ ಗಾಳಿ. ಮೈಭಾರ ಬಿದ್ದ ಕಡೆ ಆ ಉಬ್ಬು ಕಾಗದದಷ್ಟು ತೆಳ್ಳಗಾಗುತ್ತದೆ, ಗಾಳಿ ಹೊರಬೀಳುತ್ತದೆ, ಬೆಚ್ಚಗಿಡುವ ಗುಣವೂ ಅದರೊಂದಿಗೆ ಹೋಗುತ್ತದೆ. ನೆಲದ ಮೇಲೆ ಮಲಗಿದಾಗ ಕೆಳಗಿನ ಮ್ಯಾಟ್ ಈ ಕೊರತೆ ತುಂಬುತ್ತದೆ. ಸ್ಲೀಪಿಂಗ್ ಬ್ಯಾಗ್‌ನ ಉಷ್ಣತೆಯ ಅಂಕಿಯನ್ನು ಅಳೆಯುವ ಐಎಸ್‌ಒ 23537 ಪರೀಕ್ಷೆಯಲ್ಲೂ ಬ್ಯಾಗಿನ ಅಡಿಯಲ್ಲಿ ಮ್ಯಾಟ್ ಹಾಸಿಯೇ ಅಳೆಯುತ್ತಾರೆ. ಹ್ಯಾಮಕ್‌ನಲ್ಲಿ ಮ್ಯಾಟ್ ಇಲ್ಲ, ಸಾಲದ್ದಕ್ಕೆ ಅಡಿಯಲ್ಲಿ ಗಾಳಿ ಬೀಸುತ್ತಿರುತ್ತದೆ. ಬೇಸಿಗೆಯಲ್ಲಿ ಹ್ಯಾಮಕ್ ತಂಪೆನಿಸುವ ಕಾರಣವೇ ಚಳಿಗಾಲದಲ್ಲಿ ನಿದ್ದೆ ಕೆಡಿಸುತ್ತದೆ. ಕೆಳಗೆ ಏನೂ ಇಲ್ಲದಿದ್ದರೆ 20 ಡಿಗ್ರಿಯಲ್ಲೇ ಬೆನ್ನು ತಣ್ಣಗಾಗತೊಡಗುತ್ತದೆ. ಡಿಸೆಂಬರ್, ಜನವರಿಯ ಬೆಳಗಿನ ಜಾವ ಮಲೆನಾಡಿನ ಎತ್ತರದ ತೋಟಗಳಲ್ಲಿ ಉಷ್ಣತೆ ಅದಕ್ಕಿಂತ ಎಷ್ಟೋ ಕೆಳಗಿರುತ್ತದೆ. ಹಾಗಾಗಿ ಮೊದಲ ಖರ್ಚು ಬೆನ್ನಿನ ಕೆಳಗಿನದಕ್ಕೆ, ಹೊದಿಕೆಯದ್ದು ಆಮೇಲೆ.

ಇದಕ್ಕೆ ಸರಿಯಾದ ಉಪಾಯ ಅಂಡರ್‌ಕ್ವಿಲ್ಟ್. ಹ್ಯಾಮಕ್‌ನ ಹೊರಗೆ, ಅಡಿಯಲ್ಲಿ ಎಲಾಸ್ಟಿಕ್ ಹಗ್ಗದಿಂದ ತೂಗುವ ರಜಾಯಿ ಅದು. ಮೈಭಾರ ಅದರ ಮೇಲೆ ಬೀಳುವುದಿಲ್ಲ, ಹಾಗಾಗಿ ಉಬ್ಬು ಹಾಗೆಯೇ ಉಳಿಯುತ್ತದೆ. ಪೂರ್ತಿ ಅಳತೆಯದು ಸುಮಾರು 200 ಸೆಂ.ಮೀ. ಉದ್ದ, 115ರಿಂದ 120 ಸೆಂ.ಮೀ. ಅಗಲ. ಭುಜದಿಂದ ಮೊಣಕಾಲಿನ ಕೆಳಗಿನವರೆಗೆ ಬರುವ ಮುಕ್ಕಾಲು ಅಳತೆಯದೂ ಸಿಗುತ್ತದೆ. ಅದನ್ನು ಕೊಂಡರೆ ಪಾದದಡಿ ಒಂದು ತುಂಡು ಫೋಮ್ ಇಡಬೇಕು. ಒಳಗಿನ ತುಂಬು ಹಕ್ಕಿಗರಿಯದೋ ಪಾಲಿಯೆಸ್ಟರ್‌ನದೋ ಎಂಬ ಪ್ರಶ್ನೆಗೆ ನಮ್ಮ ಘಟ್ಟದ ಮಟ್ಟಿಗೆ ಉತ್ತರ ಪಾಲಿಯೆಸ್ಟರ್. ಗರಿ ಹಗುರ, ನಿಜ. ಆದರೆ ರಾತ್ರಿಯಿಡೀ ಮಂಜು ಕವಿಯುವ ಜಾಗದಲ್ಲಿ ಗರಿ ತೇವ ಹೀರಿ ಮುದ್ದೆಯಾಗುತ್ತದೆ, ಬೆಳಿಗ್ಗೆ ಬಿಸಿಲು ಕಾಣದಿದ್ದರೆ ಒಣಗುವುದೂ ಇಲ್ಲ.

ಅಂಡರ್‌ಕ್ವಿಲ್ಟ್ ಕೊಂಡವರೂ ಚಳಿಯೆಂದು ದೂರುವುದುಂಟು. ಹತ್ತರಲ್ಲಿ ಒಂಬತ್ತು ಸಲ ತಪ್ಪಿರುವುದು ಕಟ್ಟಿದ ರೀತಿಯಲ್ಲಿ. ಸಡಿಲ ಬಿಟ್ಟರೆ ಬೆನ್ನಿಗೂ ರಜಾಯಿಗೂ ನಡುವೆ ಸಂದು ಉಳಿದು ತಣ್ಣನೆಯ ಗಾಳಿ ಅಲ್ಲಿ ಓಡಾಡುತ್ತದೆ. ಬಿಗಿ ಎಳೆದರೆ ಉಬ್ಬು ಅಪ್ಪಚ್ಚಿಯಾಗಿ ಮತ್ತೆ ಮೊದಲಿನ ಕಥೆ. ಒಬ್ಬರು ಹ್ಯಾಮಕ್‌ನಲ್ಲಿ ರಾತ್ರಿ ಮಲಗುವ ಭಂಗಿಯಲ್ಲೇ ಮಲಗಬೇಕು, ಇನ್ನೊಬ್ಬರು ಸೊಂಟದ ಕೆಳಗೆ ಬಟ್ಟೆಗೂ ರಜಾಯಿಗೂ ಮಧ್ಯೆ ಅಂಗೈ ತೂರಿಸಿ ನೋಡಬೇಕು. ಕೈಗೆ ಎರಡೂ ಬದಿ ಮೆತ್ತಗೆ ತಾಗಬೇಕು, ಒತ್ತಬಾರದು. ಆಮೇಲೆ ಎರಡು ತುದಿಗಳ ದಾರ ಎಳೆದು ಬಾಯಿ ಮುಚ್ಚಬೇಕು. ಇದನ್ನು ಮರೆತರೆ ಗಾಳಿ ತಲೆಯ ಕಡೆಯಿಂದ ನುಗ್ಗಿ ಕಾಲಿನ ಕಡೆ ಹೊರಡುತ್ತದೆ. ಎಲ್ಲಿ ತಣ್ಣಗಾಗುತ್ತಿದೆ ಎಂಬುದರಿಂದಲೇ ತಪ್ಪು ಗೊತ್ತಾಗುತ್ತದೆ. ಭುಜ ತಣ್ಣಗಿದ್ದರೆ ರಜಾಯಿ ಕಾಲಿನ ಕಡೆ ಜಾರಿದೆ. ಸೊಂಟ ತಣ್ಣಗಿದ್ದರೆ ನಡುವೆ ಜೋತುಬಿದ್ದಿದೆ, ತೂಗುಹಗ್ಗ ಎರಡು ಬೆರಳಿನಷ್ಟು ಬಿಗಿಮಾಡಿ. ಒಂದೇ ಪಕ್ಕ ತಣ್ಣಗಿದ್ದರೆ ನೀವು ಓರೆಯಾಗಿ ಮಲಗಿದ್ದೀರಿ, ರಜಾಯಿ ನೇರಕ್ಕೇ ಉಳಿದಿದೆ.

ಇದನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. ಅಂಗಡಿಯಲ್ಲಿ ಸಿಗುವ ಸಿಂಗಲ್ ಕಾಟ್ ಅಳತೆಯ ಪಾಲಿಯೆಸ್ಟರ್ ಕಂಫರ್ಟರ್ ಸಾಕು. ಅಗಲ 120 ಸೆಂ.ಮೀ.ಗಿಂತ ಹೆಚ್ಚಿದ್ದರೆ ಅಂಚು ಮಡಚಿ ಹೊಲಿಸಿ. ನಾಲ್ಕೂ ಅಂಚಿನಲ್ಲಿ ಲಾಡಿ ತೂರಿಸುವಷ್ಟು, ಅಂದರೆ 3 ಸೆಂ.ಮೀ. ಅಗಲದ ನಾಲೆ ಹೊಲಿಸಬೇಕು. ಮೂಲೆಗಳಲ್ಲಿ ನಾಲೆಯ ಬಾಯಿ ತೆರೆದಿರಲಿ. ಉದ್ದದ ಎರಡು ಅಂಚಿನಲ್ಲಿ 3 ಮಿ.ಮೀ. ದಪ್ಪದ ಎಲಾಸ್ಟಿಕ್ ಹಗ್ಗ ತೂರಿಸಿ, ಎರಡೂ ತುದಿಯಲ್ಲಿ ಹೊರಗೆ ಬಿಟ್ಟು ಹ್ಯಾಮಕ್‌ನ ಕೊಕ್ಕೆಗೆ ಸಿಕ್ಕಿಸಿ. ಅಗಲದ ಅಂಚುಗಳಿಗೆ ಸಾದಾ ದಾರ ಹಾಕಿ ಜಾಕೆಟ್ಟಿನ ಲಾಡಿಗಿರುವಂಥ ಗುಂಡಿ ಕೂರಿಸಿದರೆ ಬಾಯಿ ಬಿಗಿಯಲು ಬರುತ್ತದೆ. ಹತ್ತಿಯ ಕೌದಿಯನ್ನು ಇದಕ್ಕೆ ಬಳಸಬೇಡಿ, ಭಾರಕ್ಕೆ ಜಗ್ಗುತ್ತದೆ, ಇಬ್ಬನಿಗೆ ಒದ್ದೆಯಾಗುತ್ತದೆ.

ಅಂಡರ್‌ಕ್ವಿಲ್ಟ್ ಬೇಡ ಎನ್ನುವವರಿಗೆ ಫೋಮ್ ಮ್ಯಾಟ್ ಇದೆ. ನೀರು ಹೀರದ, ಒತ್ತಿದರೆ ಕುಗ್ಗದ ಫೋಮ್, 12ರಿಂದ 15 ಮಿ.ಮೀ. ದಪ್ಪದ್ದು. ಆರು ಮಿ.ಮೀ. ಯೋಗ ಮ್ಯಾಟ್ ಒಂದೇ ಆದರೆ ಸಾಲದು. ಮಾರುಕಟ್ಟೆಯ ಮ್ಯಾಟ್‌ಗಳು 50ರಿಂದ 60 ಸೆಂ.ಮೀ. ಅಗಲ, ನೆಲಕ್ಕೆ ಅದು ಸರಿ. ಹ್ಯಾಮಕ್‌ನ ಬಟ್ಟೆ ಮಾತ್ರ ಎರಡೂ ಕಡೆಯಿಂದ ಭುಜಕ್ಕೆ ಸುತ್ತಿಕೊಳ್ಳುತ್ತದೆ, ಭುಜ ಮ್ಯಾಟಿನ ಆಚೆ ಬಟ್ಟೆಗೆ ತಾಗಿ ತಣ್ಣಗಾಗುತ್ತದೆ. ಅದಕ್ಕೆ 75 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲದ ಇನ್ನೊಂದು ತುಂಡನ್ನು ಭುಜದ ಮಟ್ಟದಲ್ಲಿ ಅಡ್ಡ ಹಾಕಬೇಕು. ಮ್ಯಾಟ್ ಜಾರುವುದು ಎರಡನೇ ತೊಂದರೆ. ಎರಡು ಪದರದ ಹ್ಯಾಮಕ್ ಕೊಂಡು ಪದರಗಳ ನಡುವೆ ತೂರಿಸಿದರೆ ಅದು ಅಲುಗಾಡುವುದಿಲ್ಲ. ಗಾಳಿ ತುಂಬುವ ಮ್ಯಾಟ್ ಇದ್ದರೆ ಅರ್ಧ ಮಾತ್ರ ತುಂಬಿ, ಬಿಗಿಯಾದದ್ದು ಹ್ಯಾಮಕ್‌ನ ಡೊಂಕಿಗೆ ಬಗ್ಗದೆ ನಿಮ್ಮನ್ನು ಪಕ್ಕಕ್ಕೆ ತಳ್ಳುತ್ತದೆ.

ಕಂಬಳಿಯ ಮಾತು ಇಲ್ಲಿ ಹೇಳಲೇಬೇಕು. ಚಳ್ಳಕೆರೆ ಕಡೆಯ ಕುರಿಯುಣ್ಣೆಯ ಕರಿ ಕಂಬಳಿ ಒರಟು, ಚುಚ್ಚುತ್ತದೆ, ಬೆನ್ನ ಮೇಲೆ ಹೊತ್ತು ಬೆಟ್ಟ ಹತ್ತಲು ಭಾರ. ಆದರೆ ಆ ಒರಟು ಎಳೆ ಮೈಭಾರಕ್ಕೆ ಪೂರ್ತಿ ಚಪ್ಪಟೆಯಾಗುವುದಿಲ್ಲ, ತುಸು ಒದ್ದೆಯಾದರೂ ಬೆಚ್ಚಗಿರುತ್ತದೆ. ಮಳೆಗಾಲದಲ್ಲಿ ಕಂಬಳಿ ಕೊಪ್ಪೆ ಹಾಕಿ ಗದ್ದೆಗಿಳಿಯುತ್ತಿದ್ದವರಿಗೆ ಇದು ಚೆನ್ನಾಗಿ ಗೊತ್ತಿತ್ತು. ವಾಹನ ಹೋಗುವ ಜಾಗದಲ್ಲಿ ಹ್ಯಾಮಕ್ ಕಟ್ಟುವವರು ಎರಡು ಮಡಿಕೆ ಕಂಬಳಿ, ಅದರ ಮೇಲೊಂದು ಪಂಚೆ ಹಾಸಿಕೊಂಡರೆ ಸಾಧಾರಣ ಚಳಿಯ ರಾತ್ರಿ ಕಳೆಯಬಹುದು.

ಮೇಲಿನ ಹೊದಿಕೆಗೆ ಇರುವ ಸ್ಲೀಪಿಂಗ್ ಬ್ಯಾಗೇ ಸಾಕು. ಅದರೊಳಗೆ ತೂರಿಕೊಳ್ಳಲು ಹೆಣಗಬೇಡಿ. ಪಾದದ ಕಡೆ ಅರ್ಧ ಮೀಟರ್ ಜಿಪ್ ಹಾಕಿ, ಉಳಿದದ್ದನ್ನು ಬಿಚ್ಚಿ ರಗ್ಗಿನಂತೆ ಹೊದೆಯಿರಿ. ಕೊಳ್ಳುವಾಗ ಚೀಲದ ಮೇಲಿನ ‘ಕಂಫರ್ಟ್’ ಅಂಕಿ ನೋಡಿ. ‘ಎಕ್ಸ್‌ಟ್ರೀಮ್’ ಎಂದಿರುವುದು ಜೀವ ಉಳಿಯುವ ಅಂಕಿ, ನಿದ್ದೆ ಬರುವ ಅಂಕಿಯಲ್ಲ. ದಿನವಿಡೀ ನಡೆದು ಬೆವರಿದ ಹತ್ತಿ ಬನಿಯನ್ನು ಮಲಗುವ ಮುಂಚೆ ಬದಲಿಸಿ. ಒಣ ಕಾಲುಚೀಲ, ಉಣ್ಣೆ ಟೋಪಿ ಅಥವಾ ಮಫ್ಲರ್ ಇರಲಿ. ಮುಖ ಹೊದಿಕೆಯೊಳಗೆ ಎಳೆದುಕೊಂಡರೆ ಉಸಿರಿನ ತೇವದಿಂದ ಹೊದಿಕೆ ಹಸಿಯಾಗುತ್ತದೆ. ಒಂಟಿ ಪದರದ ಸ್ಟೀಲ್ ಬಾಟಲಿಗೆ ಬಿಸಿನೀರು ತುಂಬಿ, ಮುಚ್ಚಳ ಬಿಗಿಮಾಡಿ, ಕಾಲುಚೀಲದೊಳಗೆ ಹಾಕಿ ತೊಡೆಗಳ ನಡುವೆ ಇಟ್ಟುಕೊಂಡರೆ ಕೆಲವು ಗಂಟೆ ನೆಮ್ಮದಿ. ಥರ್ಮೋಸ್ ಇದಕ್ಕಾಗದು, ಅದು ಶಾಖವನ್ನು ಹೊರಗೆ ಬಿಡುವುದೇ ಇಲ್ಲ. ಮಲಗುವ ಮುಂಚೆ ಒಂದು ಹಿಡಿ ಕಡಲೆಬೀಜ, ಬೆಲ್ಲ ತಿನ್ನಿ. ಮದ್ಯ ಬೆಚ್ಚಗಿಡುತ್ತದೆ ಎಂಬುದು ಸುಳ್ಳು, ಚರ್ಮದ ರಕ್ತನಾಳ ಹಿಗ್ಗಿ ಮೈಶಾಖ ಬೇಗ ಸೋರಿಹೋಗುತ್ತದೆ. ಹ್ಯಾಮಕ್‌ನ ಅಡಿಯಲ್ಲಿ ಕೆಂಡ ಇಡುವುದಂತೂ ಬೇಡವೇ ಬೇಡ. ಒಂದು ಕಿಡಿ ಸಾಕು ನೈಲಾನ್ ಕರಗಲು, ಟಾರ್ಪಾಲಿನ ಅಡಿ ಕೆಂಡದ ವಿಷಗಾಳಿ ತುಂಬಿಕೊಂಡರೆ ಎಚ್ಚರವೇ ಆಗುವುದಿಲ್ಲ.

ಇನ್ನು ಹ್ಯಾಮಕ್. ಸಾಧಾರಣ ಎತ್ತರದವರಿಗೂ 3 ಮೀಟರ್ ಉದ್ದ ಬೇಕು, 3.3 ಮೀಟರ್ ಆದರೆ ಇನ್ನೂ ಒಳ್ಳೆಯದು. ಚಿಕ್ಕದರಲ್ಲಿ ಓರೆಯಾಗಿ ಮಲಗಲು ಆಗುವುದಿಲ್ಲ, ಬೆನ್ನು ಬಿಲ್ಲಾಗುತ್ತದೆ. ಹಗ್ಗದ ಬಲೆಯ ಹ್ಯಾಮಕ್ ಜಗಲಿಗೆ ಸರಿ, ಚಳಿಗಲ್ಲ. ಮರಗಳ ಅಂತರ ನಾಲ್ಕರಿಂದ ಐದು ಮೀಟರ್ ಇರಲಿ, ಹ್ಯಾಮಕ್ ಕಟ್ಟುವ ಪಟ್ಟಿಯನ್ನು ಮರಕ್ಕೆ ಆಳೆತ್ತರದಲ್ಲಿ ಸುತ್ತಿ. ಮಲಗಿದಾಗ ಅಡಿಭಾಗ ಕುರ್ಚಿಯ ಎತ್ತರ, ಅಂದರೆ 45 ಸೆಂ.ಮೀ. ದಾಟಬಾರದು. ಪಟ್ಟಿ ಅಡ್ಡಕ್ಕೆ 30 ಡಿಗ್ರಿ ಕೋನದಲ್ಲಿರಬೇಕು. 75 ಕೆ.ಜಿ. ತೂಕದವರು ಮಲಗಿದರೆ ಆ ಕೋನದಲ್ಲಿ ಒಂದೊಂದು ಪಟ್ಟಿಯ ಮೇಲೆ ಬೀಳುವ ಎಳೆತ 75 ಕೆ.ಜಿ. ಚೆನ್ನಾಗಿ ಬಿಗಿಯಲಿ ಎಂದು 15 ಡಿಗ್ರಿಗೆ ಎಳೆದರೆ ಅದು ಸುಮಾರು 145 ಕೆ.ಜಿ., 10 ಡಿಗ್ರಿಗೆ 215 ಕೆ.ಜಿ. ಕೀ ಬಂಚಿಗೆ ಹಾಕುವಂಥ ಕೊಕ್ಕೆಗಳು ತೆರೆದುಕೊಳ್ಳುವುದು ಹೀಗೆ. ಬಂಡೆ ಏರುವವರು ಬಳಸುವ, ಭಾರದ ಅಂಕಿ ಕೊರೆದಿರುವ ಕ್ಯಾರಬೈನರ್ ಕೊಳ್ಳಿ. ಪಟ್ಟಿ ಪಾಲಿಯೆಸ್ಟರ್‌ನದಾಗಿರಲಿ, ಅಗಲ ಕನಿಷ್ಠ 2.5 ಸೆಂ.ಮೀ. ನೈಲಾನ್ ಪಟ್ಟಿ ತೇವಕ್ಕೆ ಹಿಗ್ಗಿ ಬೆಳಗಾಗುವುದರೊಳಗೆ ನಿಮ್ಮನ್ನು ನೆಲಕ್ಕೆ ಇಳಿಸಿರುತ್ತದೆ.

ತೋಟದಲ್ಲಿ ಮರ ಆರಿಸುವಾಗ ಮಾಲೀಕರನ್ನು ಕೇಳಿಯೇ ಕಟ್ಟಿ. ಸಿಲ್ವರ್ ಓಕ್ ಮರಗಳ ಮೇಲೆ ಮೆಣಸಿನ ಬಳ್ಳಿ ಹಬ್ಬಿರುತ್ತದೆ. ಬಳ್ಳಿಯ ಮೇಲೆ ಪಟ್ಟಿ ಸುತ್ತಿ ಮಲಗಿದರೆ ಒಂದೇ ರಾತ್ರಿಯಲ್ಲಿ ಕಾಂಡ ಜಜ್ಜಿ, ಅಲ್ಲಿಂದ ಮೇಲಿನ ಬಳ್ಳಿ ಒಣಗುತ್ತದೆ. ಅದು ಒಂದು ಕುಟುಂಬದ ಫಸಲು. ಹಾಲುವಾಣ ಮೆದು ಮರ, ಅಡಿಕೆ ಸಣಕಲು, ಎರಡೂ ಬೇಡ. ಕಾಡಂಚಿನಲ್ಲಿ ಹೊಳಗೇರಿನ ಮರಕ್ಕೆ ಕೈ ಹಾಕಬೇಡಿ, ಅದರ ಸೊನೆ ತಾಗಿದರೆ ಮೈಮೇಲೆ ಬೊಬ್ಬೆ ಏಳುತ್ತದೆ. ಹಲಸು, ಮತ್ತಿ, ನೇರಳೆ ಗಟ್ಟಿ ಮರಗಳು. ತಲೆಯ ಮೇಲೆ ಒಣಕೊಂಬೆ ಇದೆಯೇ, ಕಾಂಡದ ಮೇಲೆ ಚಗಳಿ ಇರುವೆಯ ಸಾಲಿದೆಯೇ ಎಂದು ಬೆಳಕಿರುವಾಗಲೇ ನೋಡಿ. ಗದ್ದೆ ಬಯಲು, ಹಳ್ಳದ ದಂಡೆಗಳಲ್ಲಿ ರಾತ್ರಿ ತಣ್ಣನೆಯ ಗಾಳಿ ಇಳಿದು ನಿಲ್ಲುತ್ತದೆ. ಅದಕ್ಕಿಂತ ಸ್ವಲ್ಪ ಮೇಲಿನ, ಗಾಳಿಗೆ ಮರೆಯಾದ ಇಳಿಜಾರು ಬೆಚ್ಚಗಿರುತ್ತದೆ.

ಮಳೆಯಿಲ್ಲದಿದ್ದರೂ ಟಾರ್ಪಾಲು ಕಟ್ಟಲೇಬೇಕು, ಇಬ್ಬನಿ ಮತ್ತು ಗಾಳಿ ತಡೆಯುವುದು ಅದೇ. 3 ಮೀಟರ್ ಚೌಕದ್ದನ್ನು ಮೂಲೆಯಿಂದ ಮೂಲೆಗೆ ಕಟ್ಟಿದರೆ 4.2 ಮೀಟರ್ ಉದ್ದ ಸಿಗುತ್ತದೆ. ಗಾಳಿ ಬೀಸುವ ಕಡೆಯ ಅಂಚನ್ನು ನೆಲಕ್ಕೆ ಹತ್ತಿರ ತನ್ನಿ. ಮಾರ್ಚ್, ಏಪ್ರಿಲ್‌ನ ಹೂಮಳೆ ಹೇಳದೆ ಬರುತ್ತದೆ, ಆಗ ಮರದಿಂದ ನೀರು ಪಟ್ಟಿಗುಂಟ ಹರಿದು ನೇರ ಬೆನ್ನಿನಡಿಗೆ ಬಂದು ಸೇರುತ್ತದೆ. ಟಾರ್ಪಾಲಿನ ಒಳಗೆ, ಹ್ಯಾಮಕ್‌ಗೆ ಸ್ವಲ್ಪ ಮುಂಚೆ ಪಟ್ಟಿಗೆ ಒಂದು ಗೇಣು ಹತ್ತಿ ದಾರ ಕಟ್ಟಿ ಇಳಿಬಿಟ್ಟರೆ ನೀರು ಅಲ್ಲೇ ತೊಟ್ಟಿಕ್ಕುತ್ತದೆ.

ಇನ್ನೊಂದು ಎಚ್ಚರಿಕೆ. ಚಾರಣದ ಕಾಲವೇ ಮಂಗನ ಕಾಯಿಲೆಯ ಕಾಲವೂ ಹೌದು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಈ ರೋಗ ರಕ್ತ ಹೀರುವ ಉಣ್ಣಿ ಹುಳದಿಂದ ಹರಡುತ್ತದೆ. ನಾವು ನೆಲದಿಂದ ಮೇಲಿದ್ದರೂ ಬ್ಯಾಗು, ಶೂ ತರಗೆಲೆಯ ಮೇಲೆ ಇರುತ್ತವೆ. ಅವನ್ನು ಮರಕ್ಕೆ ನೇತುಹಾಕಿ, ಮಲಗುವ ಮುಂಚೆ ಮೈ ಪರೀಕ್ಷಿಸಿಕೊಳ್ಳಿ. ಮಂಗ ಸತ್ತ ಸುದ್ದಿ ಇರುವ ಊರಿನಲ್ಲಿ ಕಾಡಿನಂಚಿಗೆ ಹೋಗಲೇಬೇಡಿ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳೊಳಗೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ತಂಗುವುದು ಅಪರಾಧ.

ಹ್ಯಾಮಕ್ ಬಾಡಿಗೆಗೆ ಕೊಡುವ ಹೋಂಸ್ಟೇ, ಕ್ಯಾಂಪ್‌ಗಳ ಮಾಲೀಕರಲ್ಲಿ ನನ್ನ ವಿನಂತಿ ಇಷ್ಟು. ಚಳಿಗಾಲದ ರಾತ್ರಿಗೆ ಬರೀ ಬಟ್ಟೆಯನ್ನು ಕೊಟ್ಟು ಕಳಿಸಬೇಡಿ. ಪ್ರತಿ ಹ್ಯಾಮಕ್ ಜತೆ ಅಂಡರ್‌ಕ್ವಿಲ್ಟ್ ಅಥವಾ ಭುಜದ ತುಂಡು ಸಮೇತ ಫೋಮ್, ಒಂದು ಟಾರ್ಪಾಲು ಇರಲಿ. ಕಟ್ಟಬಹುದಾದ ಮರಗಳಿಗೆ ಬಣ್ಣದ ಗುರುತು ಹಾಕಿ. ಕೊಳ್ಳುವವರು ಹೊರಡುವ ಮುನ್ನ ಹತ್ತಿರದ ಎರಡು ಮರಗಳ ನಡುವೆ ಕಟ್ಟಿ ಅಂಗೈ ಪರೀಕ್ಷೆ ಮುಗಿಸಿಕೊಳ್ಳಲಿ. ತಾರಸಿಯ ಪ್ಯಾರಪೆಟ್, ಇಟ್ಟಿಗೆಯ ಕಂಬಗಳಿಗೆ ಮಾತ್ರ ಕಟ್ಟಬೇಡಿ, ಅಡ್ಡ ಎಳೆತ ತಡೆಯಲು ಕಟ್ಟಿದ ಕಂಬಗಳಲ್ಲ ಅವು.

ಇಂತಿ,
ಚಾರಣಾಸಕ್ತ ಓದುಗ, ಮೂಡಿಗೆರೆ