ಮಗಳಿಗೊಂದು ಪತ್ರ: ಹಿರಿತನದ ಪಟ್ಟಿಯ ಕೊನೆಯ ಹೆಸರು

ಚಿರಂಜೀವಿ ಮಗಳಿಗೆ ಆಶೀರ್ವಾದಗಳು.

ಅಮೆರಿಕದ ಪ್ರಾದೇಶಿಕ ವಿಮಾನಯಾನ ಸಂಸ್ಥೆಯೊಂದರಲ್ಲಿ ಫಸ್ಟ್ ಆಫೀಸರ್ (ಸಹ-ಪೈಲಟ್) ಹುದ್ದೆಗೆ ಕರೆ ಬಂದಿರುವ ವಿಷಯ ತಿಳಿದು ಸಂತೋಷವಾಯಿತು. ಸಂಬಳ, ಬೋನಸ್ಸುಗಳ ವಿವರವನ್ನೆಲ್ಲ ಬರೆದಿರುವೆ. ಆದರೆ ಆ ಸಂಸ್ಥೆ ಯಾರ ಪರವಾಗಿ ವಿಮಾನ ಹಾರಿಸುತ್ತದೆ, ಆ ಒಪ್ಪಂದ ಯಾವ ವರ್ಷ ಮುಗಿಯುತ್ತದೆ ಎಂಬುದನ್ನು ಬರೆದಿಲ್ಲ. ನಾನಾಗಿದ್ದರೆ ಮೊದಲು ಅದನ್ನೇ ವಿಚಾರಿಸುತ್ತಿದ್ದೆ.

ಇಂಥ ಸಂಸ್ಥೆಗಳ ಬಹುಪಾಲು ಹಾರಾಟ ದೊಡ್ಡ ಸಂಸ್ಥೆಯ ಹೆಸರಿನಲ್ಲಿ, ಅದರದೇ ಟಿಕೆಟ್ಟಿನಲ್ಲಿ ನಡೆಯುವುದರಿಂದ, ಯಾವ ಊರಿಗೆ ಎಷ್ಟು ವಿಮಾನ ಎಂಬ ನಿರ್ಧಾರವೂ ಅಲ್ಲಿಯೇ ಆಗುತ್ತದೆ. ಆರ್ಥಿಕ ಹಿಂಜರಿತದಲ್ಲಿ ಹಾರಾಟ ಕಡಿತವಾದರೆ, ಫರ್ಲೋ, ಅಂದರೆ ಸಂಬಳವಿಲ್ಲದೆ ತಾತ್ಕಾಲಿಕವಾಗಿ ಕೆಲಸದಿಂದ ಬಿಡುವುದು, ಸೇರಿದ ದಿನಾಂಕದಂತೆ ಮಾಡಿದ ಹಿರಿತನದ ಪಟ್ಟಿಯ ತುದಿಯಲ್ಲಿರುವ ಹೊಸಬರಿಂದಲೇ ಆರಂಭವಾಗುತ್ತದೆ. ಕೆಲಸ ಉಳಿದವರಿಗೂ ಬಡ್ತಿ ನಿಂತುಹೋಗುತ್ತದೆ. 2007ರ ಡಿಸೆಂಬರ್‌ನಲ್ಲಿ ಅಲ್ಲಿನ ಪೈಲಟ್‌ಗಳ ನಿವೃತ್ತಿಯ ವಯಸ್ಸನ್ನು 60ರಿಂದ 65ಕ್ಕೆ ಏರಿಸಿದ ಬೆನ್ನಿಗೇ ತೈಲದ ಬೆಲೆ ಏರಿ, ಹಿಂಜರಿತವೂ ಬಂದಿತು. ದೊಡ್ಡ ಸಂಸ್ಥೆಗಳಲ್ಲಿ ಹುದ್ದೆ ತೆರವಾಗದೆ ಪ್ರಾದೇಶಿಕ ಕ್ಯಾಪ್ಟನ್‌ಗಳು ಇದ್ದಲ್ಲಿಯೇ ಉಳಿದರು, ಅವರ ಹಿಂದಿನ ಫಸ್ಟ್ ಆಫೀಸರ್‌ಗಳು ಬಲಬದಿಯ ಆಸನದಲ್ಲಿಯೇ ವರ್ಷಗಳನ್ನು ಕಳೆದರು.

ವಿಲೀನದ ಪೆಟ್ಟು ನಿಧಾನವಾಗಿ ಬೀಳುವಂಥದ್ದು. 2008ರಲ್ಲಿ ಡೆಲ್ಟಾ ಮತ್ತು ನಾರ್ತ್‌ವೆಸ್ಟ್ ಎಂಬ ದೊಡ್ಡ ಸಂಸ್ಥೆಗಳು ಒಂದಾದ ಮೇಲೆ, ಪ್ರಯಾಣಿಕರು ವಿಮಾನ ಬದಲಿಸುವ ಕೇಂದ್ರ ನಿಲ್ದಾಣಗಳು ಅಕ್ಕಪಕ್ಕದಲ್ಲಿ ಅಷ್ಟೊಂದು ಬೇಕಿರಲಿಲ್ಲ. ಸಿನ್ಸಿನಾಟಿ, ಮೆಂಫಿಸ್‌ಗಳ ಹಾರಾಟ ವರ್ಷದಿಂದ ವರ್ಷಕ್ಕೆ ಕುಗ್ಗಿತು. ಸಿನ್ಸಿನಾಟಿಯಲ್ಲಿ ಬೇರೂರಿದ್ದ ಪ್ರಾದೇಶಿಕ ಸಂಸ್ಥೆ ಕಾಮ್‌ಏರ್ ಡೆಲ್ಟಾದ ಸ್ವಂತ ಅಂಗಸಂಸ್ಥೆಯಾಗಿದ್ದರೂ 2012ರ ಸೆಪ್ಟೆಂಬರ್‌ನಲ್ಲಿ ಮುಚ್ಚಿತು. ಅದರ ವಿಮಾನಗಳಲ್ಲಿ 50 ಆಸನಗಳ ಹಳೆಯ ಜೆಟ್‌ಗಳೂ ಇದ್ದವು; ದೀರ್ಘ ಸೇವೆಯ ಪೈಲಟ್‌ಗಳಿಗೆ ಸಂಬಳವೂ ಹೆಚ್ಚು. ದುಡಿದು ಗಳಿಸಿದ ಅನುಭವವೇ ಸಂಸ್ಥೆಯ ಲೆಕ್ಕದಲ್ಲಿ ಹೊರೆಯಾಗಿ ಕಾಣುವ ಈ ಪದ್ಧತಿ ನನಗೆ ಇಂದಿಗೂ ಅನ್ಯಾಯವೆನಿಸುತ್ತದೆ.

ಇಲ್ಲೊಂದು ಕಾನೂನಿನ ಸೂಕ್ಷ್ಮವಿದೆ. ಎರಡು ಸಂಸ್ಥೆಗಳು ವಿಲೀನವಾದರೆ ಹಿರಿತನದ ಪಟ್ಟಿಗಳನ್ನು ನ್ಯಾಯವಾಗಿ ಜೋಡಿಸಬೇಕೆಂದು 2007ರ ಮೆಕ್‌ಕಾಸ್ಕಿಲ್-ಬಾಂಡ್ ಕಾಯ್ದೆ ಹೇಳುತ್ತದೆ. ಸಂಸ್ಥೆ ಮುಚ್ಚಿದರೆ ಮಾತ್ರ ಜೋಡಿಸಲು ಪಟ್ಟಿಯೇ ಇರುವುದಿಲ್ಲ. ಇಪ್ಪತ್ತು ವರ್ಷ ಹಾರಿಸಿದ ಕ್ಯಾಪ್ಟನ್ ಕೂಡ ಹೊಸ ಕಡೆ ಹಿರಿತನದಲ್ಲಿ ಕೊನೆಯವನೇ. 2020ರಲ್ಲಿ ಟ್ರಾನ್ಸ್ ಸ್ಟೇಟ್ಸ್ ಮತ್ತು ಕಂಪಾಸ್ ಎಂಬ ಪ್ರಾದೇಶಿಕ ಸಂಸ್ಥೆಗಳು ಏಪ್ರಿಲ್‌ನಲ್ಲಿ ಮುಚ್ಚಿದವು. ದೊಡ್ಡ ಸಂಸ್ಥೆಯಾದ ಯುನೈಟೆಡ್ ತನ್ನ 50 ಆಸನಗಳ ಎಂಬ್ರೇಯರ್ ಜೆಟ್‌ಗಳ ಹಾರಾಟವನ್ನು ಕಮ್ಯೂಟ್‌ಏರ್ ಎಂಬ ಪ್ರಾದೇಶಿಕ ಸಂಸ್ಥೆಗೆ ಒಪ್ಪಿಸಲು ನಿರ್ಧರಿಸಿದ್ದರಿಂದ, ಅದಕ್ಕಿಂತ ದೊಡ್ಡದಾಗಿದ್ದ ಎಕ್ಸ್‌ಪ್ರೆಸ್‌ಜೆಟ್ ಸಹ ಸೆಪ್ಟೆಂಬರ್‌ನಲ್ಲಿ ಯುನೈಟೆಡ್‌ನ ಕೆಲಸ ಕಳೆದುಕೊಂಡಿತು.

ಆದ್ದರಿಂದ ಸಹಿ ಹಾಕುವ ಮುನ್ನ, ಅವರ ಒಪ್ಪಂದ ಒಂದೇ ದೊಡ್ಡ ಸಂಸ್ಥೆಯೊಡನೆ ಇದೆಯೇ, ವಿಮಾನಗಳು 50 ಆಸನದವೇ ಅಥವಾ 76 ಆಸನದವೇ, ಬೋನಸ್ಸನ್ನು ಯಾವ ಸಂದರ್ಭದಲ್ಲಿ ಹಿಂದಿರುಗಿಸಬೇಕು ಎಂದು ಕೇಳಿ ನನಗೆ ತಿಳಿಸು. ಉತ್ತರಗಳು ಸಮಾಧಾನಕರವಾಗಿದ್ದರೆ, ತರಬೇತಿಗೆ ಅವರು ಕೊಡುವ ಅತಿ ಹತ್ತಿರದ ದಿನಾಂಕವನ್ನೇ ಒಪ್ಪಿಕೋ. ಒಂದು ತಿಂಗಳು ತಡವಾದರೂ ಅಷ್ಟರಲ್ಲಿ ಸೇರಿದವರೆಲ್ಲ ನಿನಗಿಂತ ಹಿರಿಯರಾಗಿರುತ್ತಾರೆ.

ಇಂತಿ,
ನಿನ್ನ ಅಪ್ಪ